ಗಾಯದಂಚಿನ ಅಲೆ

ಹುಲಿಗೆಮ್ಮ ಅರಣ್ಯ ಇಲಾಖೆಯ ಕಾವಲುಗಾರ್ತಿ. ಕಲ್ಲಗುಡಿಯ ಹಿಂದಿನ ಬಂಡೆಗುಡ್ಡಗಳಲ್ಲಿ ಕರಡಿಗಳು ಎಲ್ಲೆಲ್ಲಿ ಓಡಾಡುತ್ತವೆ, ಯಾವ ಗವಿಯಲ್ಲಿ ಮರಿ ಹಾಕಿವೆ ಎಂದು ನೋಡಿಕೊಂಡು ಬರುವುದು ಅವಳ ಕೆಲಸ. ಎಷ್ಟೋ ವರ್ಷ ಗುಡ್ಡ ತಿರುಗಿದರೂ ಒಂದು ಕರಡಿಯೂ ಅವಳ ಹತ್ತಿರ ಸುಳಿದಿರಲಿಲ್ಲ. ಆ ಬೆಳಿಗ್ಗೆ ಗಾಳಿ ಜೋರಾಗಿತ್ತು, ಎದುರಿನಿಂದ ಬೀಸುತ್ತಿತ್ತು. ಬಂಡೆಯ ಆಚೆ ಇದ್ದ ತಾಯಿಕರಡಿಗೆ ಇವಳ ವಾಸನೆ ಹತ್ತಲಿಲ್ಲ. ಇವಳಿಗೆ ಅದರ ಸದ್ದು ಕೇಳಲಿಲ್ಲ. ತಿರುವಿನಲ್ಲಿ ಎರಡೂ ಜೀವ ಮುಖಾಮುಖಿಯಾದವು. ಕರಡಿಯ ಬೆನ್ನ ಮೇಲೆ ಮರಿಗಳಿದ್ದವು.

ಒಂದೇ ಏಟು. ಉಗುರುಗಳು ಬಲಗಿವಿಯ ಮೇಲಿಂದ ಹಣೆಯವರೆಗೆ ನೆತ್ತಿಯ ಚರ್ಮವನ್ನು ಕಿತ್ತುಕೊಂಡು ಹೋದವು. ಕರಡಿ ಮರಿಗಳನ್ನು ಹೊತ್ತುಕೊಂಡೇ ಓಡಿಹೋಯಿತು. ಹುಲಿಗೆಮ್ಮ ಹೆಗಲ ಮೇಲಿನ ಟವೆಲನ್ನು ತಲೆಗೆ ಒತ್ತಿ ಹಿಡಿದು, ಗುಡ್ಡ ಇಳಿದು, ಜೀಪು ಬರುವ ದಾರಿಯವರೆಗೆ ತಾನಾಗಿಯೇ ನಡೆದು ಬಂದಳು. ಅಲ್ಲಿ ಒಂದು ಕಲ್ಲಿನ ಮೇಲೆ ಕೂತಳು. ಆಮೇಲಿನದು ಅವಳಿಗೆ ನೆನಪಿಲ್ಲ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಸನ್ನ ಮಠದ ಅವರು ಅವಳ ಜೀವ ಉಳಿಸಿದರು. ಆದರೆ ಅಂಗೈಯಗಲದ ಒಂದು ಜಾಗದಲ್ಲಿ ಹೊಲಿಯಲು ಚರ್ಮವೇ ಇರಲಿಲ್ಲ. ಬುರುಡೆಯ ಎಲುಬು ಬಿಳುಪಾಗಿ ಕಾಣುತ್ತಿತ್ತು. ತೊಡೆಯಿಂದ ತೆಗೆದು ಹಚ್ಚಿದ ಚರ್ಮಕ್ಕೆ ಬೋಳು ಎಲುಬಿನ ಮೇಲೆ ರಕ್ತ ಸಿಗಲಿಲ್ಲ. ಅದು ಕಪ್ಪಾಗಿ ಉದುರಿತು. ಪಕ್ಕದ ನೆತ್ತಿಯನ್ನೇ ಎಳೆದು ಮುಚ್ಚಿದರೆ ಕೀವು ತುಂಬಿತು. ಔಷಧಿಯಿಂದ ಕೀವು ಹೋಯಿತು, ಗಾಯ ಮಾತ್ರ ಮಾಯಲಿಲ್ಲ. ವಾರಗಳು ಕಳೆದರೂ ಅದರ ಅಂಚು ಕೆಂಪಗೆ ಊದಿಕೊಂಡೇ ಇತ್ತು, ಒಂದು ಕೂದಲೆಳೆಯಷ್ಟೂ ಮುಂದೆ ಬರಲಿಲ್ಲ. ಎಲುಬು ಒಣಗಿ ಸತ್ತರೆ ಸೋಂಕು ಮಿದುಳಿಗೆ ಇಳಿಯುತ್ತದೆ. ಬೆನ್ನಿನ ಮಾಂಸಖಂಡವನ್ನು ರಕ್ತನಾಳದ ಸಮೇತ ತೆಗೆದು ತಲೆಗೆ ಕೂಡಿಸುವ ದೊಡ್ಡ ಆಪರೇಷನ್ ಒಂದು ಉಳಿದಿತ್ತು. ಬಸವಳಿದ ಆ ದೇಹ ಅದನ್ನು ತಡೆದುಕೊಂಡೀತೇ ಎಂಬುದು ಮಠದರ ಅಳುಕು.

ಆ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಸಬೀಹಾ ನದಾಫ್ ಎಂಬ ವಿಜ್ಞಾನಿಯ ಪ್ರಯೋಗಾಲಯವಿತ್ತು. ಸಬೀಹಾ ಹುಬ್ಬಳ್ಳಿಯವಳು. ಅವಳ ಅಜ್ಜ ಗಾದಿಗೆ ಅರಳೆ ಹಿಂಜುತ್ತಿದ್ದವರು. ಇವಳು ಗಾಯಕ್ಕೆ ಹಚ್ಚುವ ಹೊದಿಕೆ ಮಾಡುತ್ತಿದ್ದಳು. ಅವಳ ಕೆಲಸವೆಲ್ಲ ಹುಟ್ಟಿದ್ದು ಒಂದೇ ಪ್ರಶ್ನೆಯಿಂದ: ಗಾಯದೊಳಗಿನ ಜೀವಕೋಶಗಳಿಗೆ ಹೊರಗಿನಿಂದ ನಾವೊಂದು ಮಾತು ಹೇಳಲು ಬಂದರೆ ಹೇಗೆ? ಅವು ಅದನ್ನು ಕೇಳಿಸಿಕೊಳ್ಳುವುದನ್ನು ಕಣ್ಣಾರೆ ನೋಡಲೂ ಬಂದರೆ?

ಹೇಳುವುದಕ್ಕೆ ಅವಳು ಆರಿಸಿಕೊಂಡ ಭಾಷೆ ಕ್ಯಾಲ್ಸಿಯಂ. ಜೀವಕೋಶದ ಹೊರಗೆ ಕ್ಯಾಲ್ಸಿಯಂ ಹೇರಳವಾಗಿರುತ್ತದೆ. ಒಳಗೆ ಇಲ್ಲವೆನ್ನುವಷ್ಟು ಕಡಿಮೆ. ಒಳಗೆ ನುಸುಳಿದ್ದನ್ನು ಕೋಶ ಬಿಡುವಿಲ್ಲದೆ ಹೊರಗೆ ನೂಕುತ್ತಲೇ ಇರುತ್ತದೆ. ಅಷ್ಟು ಖಾಲಿ ಮನೆಯಾದ್ದರಿಂದ ಯಾವುದಾದರೂ ಬಾಗಿಲು ತೆರೆದು ಚೂರೇ ಚೂರು ಒಳಗೆ ಬಂದರೂ ಇಡೀ ಕೋಶಕ್ಕೆ ತಿಳಿಯುತ್ತದೆ. ಸ್ನಾಯು ಬಿಗಿಯುವುದು, ಹೃದಯ ಬಡಿಯುವುದು, ಗರ್ಭದಲ್ಲಿ ಜೀವ ಮೊಳೆಯುವುದು, ಎಲ್ಲದರ ಹಿಂದೆಯೂ ಈ ಸಣ್ಣ ಒಳನುಗ್ಗುವಿಕೆ ಇದೆ.

ಸಬೀಹಾ ಮಾಡಿದ ಹೊದಿಕೆಗೆ ಎಲ್ಲರೂ ‘ಹಾಳೆ’ ಎನ್ನುತ್ತಿದ್ದರು. ಕಡಲಿನ ಕಂದು ಪಾಚಿಯ ಅಂಟಿನಿಂದ ಮಾಡಿದ, ಅನ್ನದ ಗಂಜಿ ಹೆಪ್ಪುಗಟ್ಟಿದಂತೆ ಕಾಣುವ ತೆಳು ಪೊರೆ ಅದು. ಅದರೊಳಗೆ ಕ್ಯಾಲ್ಸಿಯಂ ತುಂಬಿದ ಕಣ್ಣಿಗೆ ಕಾಣದ ಮಣಿಗಳು. ಅಂಚಿನ ತಂತಿಯಲ್ಲಿ ಚಿಟಿಕೆ ವಿದ್ಯುತ್ ಹರಿಸಿದರೆ ಮಣಿಗಳು ಬಿರಿದು ಕ್ಯಾಲ್ಸಿಯಂ ಬಿಡುತ್ತವೆ. ಹಾಳೆಯಿಂದ ಒಸರುವ ಒಂದು ನಿರಪಾಯದ ಬಣ್ಣ ಜೀವಕೋಶಗಳೊಳಗೆ ಸೇರಿಕೊಂಡು, ಕ್ಯಾಲ್ಸಿಯಂ ಏರಿದಾಗಲೆಲ್ಲ ಹಸಿರಾಗಿ ಮಿನುಗುತ್ತದೆ. ಆ ಬೆಳಕನ್ನು ಹಾಳೆಯ ಸುತ್ತಲಿನ ಗಾಜಿನ ಬಳೆಯಂಥ ಚೌಕಟ್ಟು ಹಿಡಿದು ಪರದೆಗೆ ಕಳಿಸುತ್ತದೆ. ಸುಟ್ಟ ಗಾಯ, ಸಕ್ಕರೆ ಕಾಯಿಲೆಯವರ ಹುಣ್ಣು ಹಲವು ಇದರಿಂದ ಬೇಗ ಮಾದಿದ್ದವು. ಬೋಳು ಎಲುಬಿನ ಮೇಲೆ ಯಾರೂ ಹಚ್ಚಿ ನೋಡಿರಲಿಲ್ಲ.

ಹುಲಿಗೆಮ್ಮನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಸಬೀಹಾ ಇದನ್ನೆಲ್ಲ ಹೇಳಿದಳು. ಗಂಡ ಯಮನೂರಪ್ಪ ಕಾಲ ಬಳಿ ನಿಂತಿದ್ದ. ಊರಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಹೆಂಡತಿ ಆಸ್ಪತ್ರೆ ಸೇರಿದಾಗಿನಿಂದ ಅಂಗಡಿಗೆ ಹೋಗಿರಲಿಲ್ಲ.

“ನಿಮ್ಮ ರಕ್ತದಾಗ ಗಾಯ ನೋಡ್ಕೊಳ್ಳೋ ಕೋಶ ಅದಾವ ಅಕ್ಕಾ. ಮಹಾಭಕ್ಷಕ ಅಂತೀವಿ. ಮೊದಲ ಬಂದು ಹೊಲಸು, ಕ್ರಿಮಿ ಎಲ್ಲಾ ತಿಂದು ಹಾಕ್ತಾವ. ಆಮ್ಯಾಲೆ ಅವ ಮನಸ್ಸು ಬದಲಿ ಮಾಡಿ ಕಟ್ಟೋ ಕೆಲಸಕ್ಕ ನಿಲ್ಲಬೇಕು. ನಿಮ್ಮ ಗಾಯದಾಗ ಅವು ಬಡದಾಡೋದು ನಿಲ್ಲಿಸಿಲ್ಲ.”

“ಯಾರ ಜೋಡಿ ಬಡದಾಡಾಕತ್ಯಾವ?” ಎಂದು ಹುಲಿಗೆಮ್ಮ ಕೇಳಿದಳು.

“ಈಗ ಯಾರೂ ಇಲ್ಲ. ಸುಮ್ನ ಬಡದಾಡ್ತಾವ. ಅದರ ಝಳ ನಿಮ್ಮ ಚರ್ಮಕ್ಕ ಹತ್ತಾಕತ್ತೈತಿ.”

ಹುಲಿಗೆಮ್ಮ ಗಂಡನ ಕಡೆ ನೋಡಿದಳು. “ಇದಕ್ಕ ಮತ್ತ ಕತ್ತರಿ ಆಡಸ್ತೀರೇನು?”

“ಇಲ್ಲಕ್ಕಾ. ಬರೇ ಹಚ್ಚೋದು.”

“ಹಂಗಾದ್ರ ಹಚ್ರಿ. ಆದ್ರ ಅಲ್ಲೇನ್ ನಡದೈತಿ ಅಂತ ನಂಗ ತೋರಸ್ಬೇಕು. ನನ್ನ ತಲಿನ ಇಲ್ಲಿ ಬಂದೋರೆಲ್ಲಾ ನೋಡ್ಯಾರ, ನಾ ಒಬ್ಬಾಕಿ ನೋಡಿಲ್ಲ.”

ಪ್ರಯೋಗಾಲಯದಲ್ಲಿ ಗೋಡೆಯಗಲದ ಪರದೆಯಿದ್ದ ಒಂದು ಕೋಣೆಯಿತ್ತು. ಹಾಳೆ ಹಚ್ಚಿದ ಮರುದಿನ ಹುಲಿಗೆಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಯಮನೂರಪ್ಪ ಅಲ್ಲಿಗೆ ಬಂದ. ಸಬೀಹಾ ದೀಪ ಆರಿಸಿ ಪರದೆ ಹಚ್ಚಿದಳು.

ಮೊದಲು ಕಂಡದ್ದು ಬರಿಯ ಹಸಿರು ಮಂಜು. ಸಬೀಹಾ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಹೋದಂತೆ ಮಂಜು ಒಡೆದು ಚುಕ್ಕೆಗಳಾಯಿತು. ಚುಕ್ಕೆಗಳಿಗೆ ಅಂಚು ಮೂಡಿತು. ಅಂಚುಗಳು ಅಲುಗುತ್ತಿದ್ದವು. ದುಂಡಗಿನ, ಮೈತುಂಬ ಮಡಿಕೆಗಳಿದ್ದ ಕೋಶಗಳು ಒಂದರ ಹಿಂದೊಂದು ತೆವಳಿ ಬರುತ್ತಿದ್ದವು. ಕೆಲವು ಮೈಯನ್ನು ಕೈಯಂತೆ ಚಾಚಿ ಎದುರಿನದನ್ನು ತಡವಿ ನೋಡುತ್ತಿದ್ದವು. ಒಂದು ಕೋಶ ಸತ್ತ ಚೂರೊಂದನ್ನು ಸುತ್ತುವರಿದು, ನಿಧಾನವಾಗಿ ತನ್ನೊಳಗೆ ತೆಗೆದುಕೊಂಡು, ಹಿಗ್ಗಿ, ಮತ್ತೆ ಮುಂದೆ ಹೊರಟಿತು.

ಹುಲಿಗೆಮ್ಮ ಬಾಯಿ ತೆರೆದು ನೋಡುತ್ತಿದ್ದಳು. “ಇವು ನನ್ನವಾ?”

“ನಿಮ್ಮವ.”

“ನಾ ಏನೂ ಹೇಳದ ಮಾಡಾಕತ್ಯಾವಲ್ರೀ. ನಾ ಮಲಗಿರ್ತೀನಿ, ಅಳ್ತೀನಿ, ಊಟ ಬಿಡ್ತೀನಿ. ಅವು ಮಾತ್ರ...” ಯಮನೂರಪ್ಪ ಚಪ್ಪಲಿ ಬಿಟ್ಟು ಬಂದು ಪರದೆಯ ಹತ್ತಿರ ನಿಂತ. ಎಷ್ಟೋ ಎಂಜಿನ್‌ಗಳ ಒಳಗನ್ನು ಬಿಚ್ಚಿ ನೋಡಿದವನಿಗೆ ಹೆಂಡತಿಯ ಒಳಗು ಹೀಗಿರಬಹುದೆಂದು ಹೊಳೆದಿರಲಿಲ್ಲ.

ಆ ಚಿತ್ರವನ್ನು ಊರಿಗೂ ಕಳಿಸಲು ಹುಲಿಗೆಮ್ಮ ಒಪ್ಪಿದಳು. ಕಲ್ಲಗುಡಿಯ ಮನೆಯಲ್ಲಿ ಅವಳ ಅತ್ತೆ ಗಂಗಮ್ಮ ಟೀವಿಯಲ್ಲಿ ಸೊಸೆಯ ಗಾಯ ನೋಡತೊಡಗಿದಳು. ಸಂಜೆಗೆ ಓಣಿಯ ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಅಲ್ಲೇ ಬಂದು ಕೂರುತ್ತಿದ್ದರು. ಮೊದಲೆರಡು ದಿನ ಹೇಸಿಕೊಂಡವರು ಆಮೇಲೆ ಧಾರಾವಾಹಿ ಬಿಟ್ಟು ಇದನ್ನೇ ನೋಡಿದರು.

“ಅಗೋ, ಆ ಮೂಲ್ಯಾಗಿಂದು ನೋಡು. ಮುಂಜಾನಿಂದ ಕುಂತಲ್ಲೇ ಕುಂತೈತಿ. ಮೈಗಳ್ಳ,” ಎಂದು ಗಂಗಮ್ಮ ಬೈಯುತ್ತಿದ್ದಳು. ಫೋನಿನಲ್ಲಿ ಮಗನಿಗೆ, “ಆ ಡಾಕ್ಟ್ರಮ್ಮಗ ಹೇಳು, ಬಲಗಡಿ ಕೆಲಸ ನಡ್ಯಾವಲ್ದು,” ಎಂದು ವರದಿ ಒಪ್ಪಿಸುತ್ತಿದ್ದಳು. ಊರಿನ ಶಾಲೆಯ ಮಕ್ಕಳು ಮೊಣಕಾಲು ತರಚಿಕೊಂಡರೆ ಈಗ ಅಳುವ ಮೊದಲು ಗಾಯವನ್ನೇ ದಿಟ್ಟಿಸಿ ನೋಡುತ್ತಿದ್ದವು.

ಗಂಗಮ್ಮ ಹೇಳಿದ್ದು ಸುಳ್ಳಾಗಿರಲಿಲ್ಲ. ಕೆಲಸ ನಡೆಯುತ್ತಿರಲಿಲ್ಲ. ಬಲಗಡೆ ಮಾತ್ರವಲ್ಲ, ಎಲ್ಲೂ.

ಬೇರೆ ರೋಗಿಗಳಲ್ಲಿ ಮೊದಲು ಹೆಚ್ಚು, ಆಮೇಲೆ ಕಡಿಮೆ ಎಂಬ ಲೆಕ್ಕದಲ್ಲಿ ಹಾಳೆ ಕ್ಯಾಲ್ಸಿಯಂ ಬಿಡುತ್ತಿದ್ದಂತೆ ಮಹಾಭಕ್ಷಕಗಳು ಕ್ರಮೇಣ ಶಾಂತವಾಗಿ, ದುಂಡು ಬಿಟ್ಟು ಉದ್ದವಾಗಿ, ಹೊಸ ರಕ್ತನಾಳಗಳನ್ನು ಕರೆಯತೊಡಗುತ್ತಿದ್ದವು. ಹುಲಿಗೆಮ್ಮನ ಗಾಯದಲ್ಲಿ ಅವು ದುಂಡಗೇ ಉಳಿದವು. ಉರಿಯೂತದ ವಿಷವನ್ನು ಸುರಿಸುತ್ತಲೇ ಇದ್ದವು. ಸಬೀಹಾ ಕ್ಯಾಲ್ಸಿಯಂ ಹೆಚ್ಚಿಸಿದಳು. ಇನ್ನಷ್ಟು ಮಹಾಭಕ್ಷಕಗಳು ಬಂದು ಸೇರಿದವು, ಎಲ್ಲವೂ ಸಿಟ್ಟಿನಲ್ಲಿದ್ದವು. ಸ್ವಲ್ಪ ತಗ್ಗಿಸಿದಳು. ಏನೂ ಬದಲಾಗಲಿಲ್ಲ. ಎಲುಬಿನ ಒಂದು ಮೂಲೆ ಹಳದಿಗೆ ತಿರುಗತೊಡಗಿತು.

ಮಠದ ಅದನ್ನು ಸಣ್ಣ ಟಾರ್ಚಿನಲ್ಲಿ ನೋಡಿ, ಹೊರಗೆ ಬಂದು ಕೈ ತೊಳೆದುಕೊಂಡರು. “ಇನ್ನ ಕಾಯೋದು ಸರಿಯಲ್ಲ ಸಬೀಹಾ. ಮುಂದಿನ ವಾರ ಆಪರೇಷನ್‌ಗೆ ತಗೋತೀನಿ. ನಿಮ್ಮ ಹಾಳೆ ಅಲ್ಲೀತನಕ ಎಲುಬನ್ನ ಹಸಿ ಇಟ್ರ ಅಷ್ಟ ಸಾಕು.”

“ಆಕಿ ತಡಕೋತಾಳ ಸರ್?”

“ತಡಕೋಬೇಕು,” ಎಂದರು ಮಠದ.

ಯಮನೂರಪ್ಪನಿಗೆ ವಿಷಯ ಹೇಳಿದಾಗ ಅವನು ಗೋಡೆಗೆ ಒರಗಿ ನಿಂತು, “ಮೇಡಮ್ಮಾರ, ಅವು ಕೇಳಾವಲ್ಲವೇನು?” ಎಂದಷ್ಟೇ ಕೇಳಿದ. ಎರಡು ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ ಸಬೀಹಾ, ಅವು ಕೇಳಿಸಿಕೊಳ್ಳುತ್ತವೆ, ನಾವು ಸರಿಯಾಗಿ ಹೇಳಬೇಕಷ್ಟೇ ಎಂದು ಭಾಷಣವನ್ನೇ ಮಾಡುತ್ತಿದ್ದಳು.

ಆ ವಾರ ಹಾಳೆ ಬದಲಿಸುವ ದಿನ ಬಂತು. ಹಳೆಯದನ್ನು ತೆಗೆದು, ಹೊಸದರ ಪೊಟ್ಟಣ ಬಿಚ್ಚಿದ ನರ್ಸ್ ಕೂಗಿದಳು. ಪೊಟ್ಟಣದ ಒಂದು ಮೂಲೆ ಹರಿದಿತ್ತು. ತೆರೆದ ಎಲುಬಿನ ಮೇಲೆ ಅಂಥದ್ದನ್ನು ಇಡುವಂತಿರಲಿಲ್ಲ. ಇನ್ನೊಂದು ಹಾಳೆ ತಯಾರಾಗಿ ಶುದ್ಧವಾಗಿ ಬರಲು ಅರ್ಧ ದಿನ ಬೇಕಿತ್ತು. ಅಲ್ಲಿಯವರೆಗೆ ಉಪ್ಪುನೀರಿನಲ್ಲಿ ನೆನೆಸಿದ ತೆಳು ಬಟ್ಟೆ ಹಾಕಿ, ಗಾಜಿನ ಚೌಕಟ್ಟನ್ನು ಮಾತ್ರ ಮೊದಲಿನಂತೆ ಗಾಯದ ಅಂಚಿಗೆ ಕೂರಿಸಿದರು. ಹಳೆಯ ಬಣ್ಣ ಕೋಶಗಳಲ್ಲಿ ಇನ್ನೂ ಉಳಿದಿತ್ತು. ಹಾಗಾಗಿ ಪರದೆ ಖಾಲಿಯಾಗಲಿಲ್ಲ, ಕತ್ತಲಾಯಿತು. ಯಾವಾಗಲೂ ತುಂಬಿರುತ್ತಿದ್ದ ಹಸಿರು ಮಂಜು ಇಳಿದುಹೋಗಿತ್ತು.

ಸಬೀಹಾ ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಿಕೊಂಡು ಪರದೆಯ ಮುಂದೆ ಕೂತಿದ್ದಳು. ನೋಡುವಂಥದ್ದು ಏನೂ ಇರಲಿಲ್ಲ. ಬೇರೆಲ್ಲಿ ಕೂರಬೇಕೆಂದು ತೋಚದೆ ಕೂತಿದ್ದಳು. ಕತ್ತಲೆಯಲ್ಲಿ ಎಡಗಡೆಯ ಅಂಚಿನಲ್ಲಿ ಏನೋ ಮಿನುಗಿತು.

ಚರ್ಮದ ಒಂದು ಕೋಶ ಬೆಳಗಿತ್ತು. ಅದು ಆರುವಷ್ಟರಲ್ಲಿ ಪಕ್ಕದ್ದು ಬೆಳಗಿತು. ಅದರ ಪಕ್ಕದ್ದು. ಬೆಳಕು ಕೋಶದಿಂದ ಕೋಶಕ್ಕೆ ದಾಟುತ್ತ, ಗಾಯದ ಅಂಚನ್ನು ಹಿಡಿದು, ತಿರುವು ಬಂದಲ್ಲಿ ತಿರುಗಿ, ನಿಧಾನವಾಗಿ ಸಾಗಿತು. ಎಷ್ಟು ಮಸುಕಾಗಿ ಎಂದರೆ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಂತಿತ್ತು. ಅರ್ಧ ದಾರಿಯಲ್ಲಿ ಸೊರಗಿ ಆರಿತು. ಸಬೀಹಾ ಚಪಾತಿಯ ತುತ್ತು ಕೈಯಲ್ಲೇ ಹಿಡಿದು ಕಾದಳು. ಸ್ವಲ್ಪ ಹೊತ್ತಿಗೆ ಅದೇ ಜಾಗದಿಂದ ಮತ್ತೊಂದು ಅಲೆ ಎದ್ದಿತು.

ದೇಹ ತಾನೇ ಮಾತಾಡುತ್ತಿತ್ತು. ಗಾಯದ ಅಂಚಿನ ಚರ್ಮ ತನ್ನದೇ ಕ್ಯಾಲ್ಸಿಯಂ ಅಲೆಯನ್ನು ಎಬ್ಬಿಸಿ ಸುತ್ತಲಿನ ಕೋಶಗಳನ್ನು ಕರೆಯುತ್ತಿತ್ತು. ಅಲೆ ಹಾದುಹೋದ ಕಡೆ ಹತ್ತಿರದಲ್ಲಿದ್ದ ಒಂದೆರಡು ಮಹಾಭಕ್ಷಕಗಳು ತಡೆದು ನಿಂತವು, ಮೈಯನ್ನು ಆ ದಿಕ್ಕಿಗೆ ಚಾಚಿದವು. ಬೇರೆ ರೋಗಿಗಳಲ್ಲೂ ಇದು ಇದ್ದಿರಲೇಬೇಕು, ಬಲವಾಗಿ ಇದ್ದಿರಬೇಕು. ಹಾಳೆಯ ಹಸಿರು ಮಂಜಿನಲ್ಲಿ ಯಾರಿಗೂ ಕಂಡಿರಲಿಲ್ಲ. ಹುಲಿಗೆಮ್ಮನ ಸೊರಗಿದ ದೇಹದಲ್ಲಿ ಅಲೆ ಎಷ್ಟು ಕ್ಷೀಣವಾಗಿತ್ತೆಂದರೆ ಹಾಳೆ ಅದನ್ನು ಮುಳುಗಿಸಿಬಿಟ್ಟಿತ್ತು. ಹಾಳೆ ಬಿಡುವಿಲ್ಲದೆ ಕೂಗುತ್ತಿತ್ತು, ಕೋಶಗಳು ಕೂಗನ್ನು ಯುದ್ಧದ ಕರೆಯೆಂದೇ ತಿಳಿದಿದ್ದವು.

ಸಬೀಹಾ ಓಡಿ ಹೋಗಿ ಮಠದರನ್ನು ಕರೆತಂದಳು. ಅವರು ನಿಂತುಕೊಂಡೇ ಮೂರ್ನಾಲ್ಕು ಅಲೆಗಳನ್ನು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಮೂವತ್ತು ವರ್ಷ ಗಾಯಗಳನ್ನು ಕತ್ತರಿಸಿ ಹೊಲಿದ ಮನುಷ್ಯ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

“ಇದು ಪ್ರತಿ ಗಾಯದಾಗೂ ನಡೀತಿರ್ತದೇನು?”

“ಗೊತ್ತಿಲ್ಲ ಸರ್. ನಡೀತಿರಬೇಕು ಅನಸ್ತೈತಿ.”

“ಈಗೇನ್ ಮಾಡಬೇಕಂತೀರಿ?”

“ಹೊಸ ಹಾಳೆ ಹಚ್ಚೋಣ. ಆದ್ರ ಸುಮ್ನ ಇಡೋಣ. ಕ್ಯಾಲ್ಸಿಯಂ ಪೂರಾ ಬಂದ್. ಈ ಅಲಿ ತಾನ ಬಲಾ ಆಗ್ತೈತೋ ಇಲ್ಲೋ ನೋಡೋಣ. ಬಲಾ ಆದ್ರ, ಹಾಳೆಗೆ ಅದರ ತಾಳ ಹಿಡಿಯೋದು ಕಲಸ್ತೀನಿ. ಅಲಿ ಎದ್ದಾಗ ಮಾತ್ರ, ಅಲಿ ಇದ್ದಲ್ಲಿ ಮಾತ್ರ, ಒಂಚೂರು ಕೂಡಸಬೇಕು.”

ಮಠದ ತಲೆ ಅಲ್ಲಾಡಿಸಿದರು. “ಕ್ಯಾಲ್ಸಿಯಂ ಇಲ್ದ ನಿಮ್ಮ ಹಾಳೆ ನಿಲ್ತದೇನು? ಆ ಅಂಟು ಗಟ್ಟಿ ಇರೋದ ಅದರಿಂದ. ಬಂದ್ ಮಾಡಿದ್ರ ಮೈಯಾಗಿನ ಸೋಡಿಯಂ ಬಂದು ಅದನ್ನ ನೀರು ಮಾಡ್ತದ. ಎಲುಬು ಬಯಲಾಗ್ತದ. ಮೊದಲ ಹಳದಿ ಆಗ್ಯದ. ನೀವು ಎರಡು ದಿನ ಕಾದ್ರ, ನಂಗ ಆಪರೇಷನ್ ಮಾಡಾಕ ಎಲುಬ ಉಳಿಯೋದಿಲ್ಲ.”

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಸಬೀಹಾ ತಕರಾರು ಮಾಡಲಿಲ್ಲ. “ಆಕಿನ್ನ ಕೇಳೋಣ ಸರ್,” ಎಂದಳು.

ಇಬ್ಬರೂ ವಾರ್ಡಿಗೆ ಹೋದರು. ಆಪರೇಷನ್ನಿನ ಅಪಾಯವೇನು ಎಂದು ಮಠದ ಹೇಳಿದರು, ಕಾಯುವುದರ ಅಪಾಯವೇನು ಎಂದು ಸಬೀಹಾ ಹೇಳಿದಳು. ಒಬ್ಬರು ಇನ್ನೊಬ್ಬರದನ್ನು ಚಿಕ್ಕದು ಮಾಡಲಿಲ್ಲ. ಕೊನೆಗೆ ಸಬೀಹಾ ತನ್ನ ಕೈಯಲ್ಲಿದ್ದ ಪುಟ್ಟ ಪರದೆಯಲ್ಲಿ ಅಲೆಯನ್ನು ತೋರಿಸಿದಳು. ಹುಲಿಗೆಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡಳು.

“ಇದು ಈಗ ನಡದೈತಾ? ಈಗ, ನಾ ನಿಮ್ಮ ಜೋಡಿ ಮಾತಾಡೋವಾಗ?”

“ಈಗ.”

ಬೆಳಕು ಎದ್ದಿತು, ಸ್ವಲ್ಪ ದೂರ ನಡೆಯಿತು, ಆರಿತು. ಹುಲಿಗೆಮ್ಮನ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಅವಳ ಕೈ ಬಿಡುವಿರಲಿಲ್ಲ.

ಯಮನೂರಪ್ಪ ಮುಂದೆ ಬಂದ. “ಏ ಹುಲಿಗಿ, ಆಪರೇಷನ್ ಮಾಡಸ್ಕೊಂಬಿಡು. ಡಾಕ್ಟ್ರು ದೊಡ್ಡೋರು, ನೋಡ್ಕೋತಾರ. ಕಾಯೋದು ಬ್ಯಾಡ. ನಂಗ ಅಂಜಿಕಿ ಬರತೈತಿ.”

“ನಂಗೂ ಬರತೈತ್ರಿ,” ಎಂದಳು ಹುಲಿಗೆಮ್ಮ. “ಆದ್ರ ಕಡೀಕ ಇದು ನನ್ನ ಕಡಿಯಿಂದ ಎದ್ದದ್ದು. ಸಾಯೂ ಹಂಗ ಆದ್ರೂ ಬಿಡದ ಏಳಾಕತ್ತೈತಿ. ಇದರ ಮ್ಯಾಲ ಕತ್ತರಿ ಆಡಸ್ರಿ ಅನ್ನಾಕ ನಂಗ ಬಾಯಿ ಬರವಲ್ದು.” ಮಠದರ ಕಡೆ ತಿರುಗಿ, “ಎರಡು ದಿನ ಕೊಡ್ರಿ ಸರ. ಆಗಲಿಲ್ಲ ಅಂದ್ರ ನೀವು ಹೆಂಗ ಹೇಳ್ತೀರಿ ಹಂಗ,” ಎಂದಳು.

ಮಠದ ಒಪ್ಪಿದರು. ಎಲುಬು ಒಣಗದಂತೆ ಮೇಲಿನಿಂದ ಹನಿಹನಿಯಾಗಿ ತೇವ ಕೊಡುವ ಏರ್ಪಾಡನ್ನು ತಾವೇ ನಿಂತು ಮಾಡಿಸಿದರು. ಸಂಜೆ ಹೊಸ ಹಾಳೆ ಹಚ್ಚಿ, ಸಬೀಹಾ ವಿದ್ಯುತ್ತಿನ ಗುಂಡಿ ಆರಿಸಿದಳು.

ಮೊದಲ ದಿನ ಏನೂ ಆಗಲಿಲ್ಲ. ಹಾಳೆ ಮೆತ್ತಗಾಯಿತು. ಅಲೆಗಳು ಎದ್ದವು, ಅದೇ ಅರ್ಧ ದಾರಿಯಲ್ಲಿ ಆರಿದವು. ಕಲ್ಲಗುಡಿಯಲ್ಲಿ ಹೆಂಗಸರು ಕತ್ತಲ ಟೀವಿ ನೋಡುತ್ತ ಕೂತರು. ಗಂಗಮ್ಮ ಯಾವ ಕೋಶವನ್ನೂ ಬೈಯಲಿಲ್ಲ. “ಏಳವ್ವಾ, ಇನ್ನೊಂದು ಚೂರು ಮುಂದ ಹೋಗವ್ವಾ,” ಎಂದು ಅಲೆಗೆ ಹೇಳುತ್ತಿದ್ದಳು.

ಎರಡನೆಯ ದಿನ ಬೆಳಿಗ್ಗೆ ಹಾಳೆಯ ಒಂದು ಅಂಚು ನೀರಾಗಿ ಕಿವಿಯ ಹಿಂದೆ ಇಳಿಯಿತು. ಮಠದ ಬಂದು ನೋಡಿ ಹೋದರು. ಆಪರೇಷನ್ ಕೋಣೆಯನ್ನು ಸಿದ್ಧ ಮಾಡಲು ಹೇಳಿದ್ದು ಸಬೀಹಾಗೆ ಆಮೇಲೆ ತಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ಒಂದು ಅಲೆ ಎದ್ದು ಯಾವಾಗಲೂ ಆರುತ್ತಿದ್ದ ಜಾಗಕ್ಕೆ ಬಂತು. ತಡವರಿಸಿತು. ದಾಟಿತು.

ಸಬೀಹಾ ಎದ್ದು ನಿಂತಳು. ಬೆಳಕು ಹಣೆಯ ಕಡೆಗೆ ಹೊರಳಿ, ಗಾಯದ ಮೇಲಂಚನ್ನು ಬಳಸಿ, ಕಿವಿಯ ಕಡೆಯಿಂದ ಕೆಳಗಿಳಿದು, ಹೊರಟ ಜಾಗಕ್ಕೇ ಬಂದು ಸೇರಿತು. ಪೂರಾ ಒಂದು ಸುತ್ತು. ಅದು ಆರುವ ಮೊದಲೇ ಇನ್ನೊಂದು ಎದ್ದಿತು. ಸುತ್ತಲಿನ ಯುದ್ಧದ ಗದ್ದಲ ಇಳಿದಿದ್ದರಿಂದ ಅಂಚಿನ ಕೋಶಗಳು ಈಗ ಒಂದಕ್ಕೊಂದು ಕೇಳಿಸುತ್ತಿದ್ದವು.

ಅವಳು ಹಾಳೆಗೆ ಹೊಸ ಆಜ್ಞೆ ಕೊಟ್ಟಳು: ಅಲೆಯನ್ನು ಗಮನಿಸು, ಅದು ಬಂದಾಗ, ಬಂದಲ್ಲಿ, ಒಂದು ಕಣದಷ್ಟು ಕ್ಯಾಲ್ಸಿಯಂ ಸೇರಿಸು, ಅದು ಹೋದ ಮೇಲೆ ಸುಮ್ಮನಿರು. ಹಾಳೆ ಅಲೆಯ ಬೆನ್ನ ಹಿಂದೆ ಹಿಂದೆ ನಡೆಯಿತು. ಸುತ್ತಿನಿಂದ ಸುತ್ತಿಗೆ ಬೆಳಕು ಅಗಲವಾಯಿತು. ಅಂಚು ಬಿಟ್ಟು ಒಳಕ್ಕೆ, ಎಲುಬಿನ ಕಡೆಗೆ ಹರಡತೊಡಗಿತು.

ಆಗ ಮಹಾಭಕ್ಷಕಗಳು ತಿರುಗಿದವು.

ಸಬೀಹಾ ಅದನ್ನು ನೂರಾರು ಸಲ ಗಾಜಿನ ತಟ್ಟೆಗಳಲ್ಲಿ ಕಂಡಿದ್ದಳು. ಹೀಗೆ ಕಂಡಿರಲಿಲ್ಲ. ಅಲೆ ಹಾದುಹೋದಂತೆ ಒಂದೊಂದೇ ಕೋಶ ತನ್ನ ಚಡಪಡಿಕೆ ನಿಲ್ಲಿಸಿತು. ದುಂಡು ಮೈ ಸಡಿಲಿ ಉದ್ದವಾಯಿತು. ಒಂದು, ಅದರ ಪಕ್ಕದ್ದು, ಅದರಾಚೆಯದು. ಯಾರೂ ಮುಂದೆ ನಿಂತು ಹೇಳುತ್ತಿರಲಿಲ್ಲ, ಆದರೂ ಸಾವಿರಾರು ಜೀವಗಳು ಒಂದೇ ಮಾತನ್ನು ತಿಳಿದುಕೊಂಡಂತೆ ಒಂದೇ ದಿಕ್ಕಿಗೆ ಹೊರಳಿದವು. ಸಂಜೆಯ ಹೊತ್ತಿಗೆ ಅವುಗಳ ನಡುವೆ ಕೆಂಪು ಎಳೆಯೊಂದು ಚಿಗುರಿತ್ತು. ಅದರೊಳಗೆ ರಕ್ತದ ಕಣಗಳು ಸಾಲಾಗಿ ಓಡುತ್ತಿದ್ದವು. ಅದು ಹಿಂದಿನ ದಿನ ಇಲ್ಲದ ಒಂದು ರಕ್ತನಾಳ.

ಮಠದ ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದರೋ ಗೊತ್ತಿಲ್ಲ. “ಆಪರೇಷನ್ ಬ್ಯಾಡಂತ ಹೇಳಿ ಬರ್ತೀನಿ,” ಎಂದವರು ಹೋಗದೆ ಮತ್ತೆ ಪರದೆಯನ್ನೇ ನೋಡುತ್ತ ನಿಂತರು.

ಆಮೇಲಿನ ವಾರಗಳಲ್ಲಿ ಎಲುಬಿನ ಮೇಲೆ ದಾಳಿಂಬೆಯ ಕಾಳಿನಂಥ ಕೆಂಪು ಮಾಂಸ ಮೂಡಿತು. ಹಳದಿಯಾಗಿದ್ದ ಮೂಲೆಯನ್ನು ಮಹಾಭಕ್ಷಕಗಳ ಇನ್ನೊಂದು ಬಳಗ ಬಂದು ಕಣಕಣವಾಗಿ ಸವೆಸಿ ಒಯ್ದಿತು. ಅದರಡಿಯಲ್ಲಿ ಜೀವಂತ ಎಲುಬು ಇತ್ತು. ಅಂಚಿನಿಂದ ಚರ್ಮದ ಕೋಶಗಳು ಒಂದಕ್ಕೊಂದು ಅಂಟಿಕೊಂಡು, ಒಂದೂ ಸಾಲು ಬಿಡದೆ ಒಳಕ್ಕೆ ಸರಿದವು. ಪ್ರತಿ ಅಲೆಯ ಹಿಂದೆಯೂ ಒಂದು ಹೆಜ್ಜೆ. ಊರಿಂದ ಗಂಗಮ್ಮ ಬಸ್ಸು ಹತ್ತಿ ಬಂದು, ಸೊಸೆಯ ಗಲ್ಲ ಹಿಡಿದು, “ಟೀವ್ಯಾಗ ನೋಡಿ ನೋಡಿ ನಿನ್ನ ಮಾರಿ ಮರ್ತಿದ್ದೆ ನೋಡವ್ವಾ,” ಎಂದಳು. ಸಬೀಹಾಳ ಪ್ರಯೋಗಾಲಯಕ್ಕೆ ದೂರದೂರದ ವೈದ್ಯರು ಬಂದು ಹೋದರು. ಹೋಗುವಾಗ ಎಲ್ಲರ ಪ್ರಶ್ನೆಯೂ ಒಂದೇ ಇರುತ್ತಿತ್ತು: ಇಷ್ಟು ಕಾಲ ನಮ್ಮ ಎಷ್ಟು ಮದ್ದುಗಳು ದೇಹದ ಮಾತಿನ ಮೇಲೆಯೇ ಮಾತಾಡಿದ್ದಾವು? ಅವಳಿಗೂ ಅದೇ ಯೋಚನೆ. ತನ್ನ ಮೊದಲ ಹಾಳೆಗಳಿಂದ ಮಾದ ಗಾಯಗಳು ಸುಮ್ಮನೆ ಬಿಟ್ಟಿದ್ದರೆ ಇನ್ನೂ ಚೆನ್ನಾಗಿ ಮಾಯುತ್ತಿದ್ದವೇ ಎಂದು ಮತ್ತೆ ಮೊದಲಿನಿಂದ ನೋಡತೊಡಗಿದಳು.

ಗಾಯ ಪೂರಾ ಮುಚ್ಚಿದ ಮೇಲೆ, ಹಾಳೆ ತೆಗೆಯುವ ಮೊದಲು, ಹುಲಿಗೆಮ್ಮ ಕೊನೆಯ ಸಲ ಪರದೆಯ ಮುಂದೆ ಬಂದು ಕೂತಳು. ಈ ಸಲ ನಡೆದುಕೊಂಡೇ ಬಂದಿದ್ದಳು. ಯಮನೂರಪ್ಪ ಪಕ್ಕದಲ್ಲಿದ್ದ. ಪರದೆಯಲ್ಲಿ ಚರ್ಮದ ಕೋಶಗಳು ಹಾಸುಗಲ್ಲಿನಂತೆ ಒತ್ತಾಗಿ ಕೂತಿದ್ದವು. ಅಲೆಗಳು ಏಳುತ್ತಿರಲಿಲ್ಲ. ಅಲ್ಲಿ ಗುಂಪುಗುಂಪಾಗಿ ಓಡಾಡುತ್ತಿದ್ದವುಗಳ ಸುಳಿವೇ ಇರಲಿಲ್ಲ.

“ಎಲ್ಲಿ ಹೋದ್ವು?” ಎಂದಳು ಹುಲಿಗೆಮ್ಮ.

“ಕೆಲಸ ಮುಗೀತಲ್ಲಕ್ಕಾ. ಕೆಲವು ಅಲ್ಲೇ ಸತ್ತು ಕರಗ್ತಾವ. ಉಳಿದವು ಸಣ್ಣ ನಾಳದಾಗ ಇಳಿದು ಹೊಂಟು ಹೋಗ್ತಾವ.”

“ಒಂದೂ ಉಳದಿಲ್ಲೇನು?”

ಸಬೀಹಾ ಚಿತ್ರವನ್ನು ಮೆಲ್ಲಗೆ ಸರಿಸುತ್ತ ಹುಡುಕಿದಳು. ಒಂದು ಕಡೆ, ಚರ್ಮದ ಕೆಳಗೆ, ಒಂದೇ ಒಂದು ಮಹಾಭಕ್ಷಕ ಇತ್ತು. ಅಲ್ಲಿ ಇಲ್ಲಿ ಉಳಿದ ಚೂರುಗಳನ್ನು ಆಯ್ದುಕೊಳ್ಳುತ್ತ ಅವಸರವಿಲ್ಲದೆ ತೆವಳುತ್ತಿತ್ತು. ಮೂವರೂ ಅದನ್ನೇ ನೋಡಿದರು. ಅದು ಒಂದು ನಾಳದ ಗೋಡೆಯ ಬಳಿ ಬಂದು ನಿಂತಿತು. ಎರಡು ಕೋಶಗಳ ಸಂದಿನಲ್ಲಿ ಮೈಯನ್ನು ನೂಲಿನಂತೆ ತೆಳ್ಳಗೆ ಮಾಡಿ ತೂರಿತು, ಆಚೆ ಕಡೆ ಮತ್ತೆ ದುಂಡಗಾಯಿತು, ಹರಿವಿನಲ್ಲಿ ಸೇರಿ ಹೋಯಿತು.

ಯಮನೂರಪ್ಪ ತನಗರಿವಿಲ್ಲದೆ ಕೈಮುಗಿದಿದ್ದ. “ಹೋಗಿ ಬರ್ರೆಪ್ಪಾ,” ಎಂದ.

“ಮತ್ತ್ಯಾಕ ಬರಬೇಕ್ರೀ ಅವು?” ಎಂದು ಹುಲಿಗೆಮ್ಮ ನಕ್ಕಳು. ಆಮೇಲೆ ಪರದೆಯನ್ನು ನೋಡುತ್ತ, “ಒಂದು ಮಾತು ಸೈತ ಹೇಳಸ್ಕೊಳ್ಳದ ಹೋದ್ವಲ್ಲ,” ಎಂದಳು.

ಸಬೀಹಾ ಹಾಳೆಯನ್ನು ಉಪ್ಪುನೀರಿನಲ್ಲಿ ನೆನೆಸಿ ಅಂಚಿನಿಂದ ಮೆಲ್ಲಗೆ ಎತ್ತಿದಳು. ಕೆಳಗೆ ತೆಳು ಗುಲಾಬಿ ಬಣ್ಣದ, ಕೂದಲಿಲ್ಲದ, ಅಲ್ಲಲ್ಲಿ ನೆರಿಗೆ ಬಿದ್ದ ಚರ್ಮ. “ಮುಟ್ಟಿ ನೋಡ್ರಿ ಅಕ್ಕಾ,” ಎಂದಳು.

ಹುಲಿಗೆಮ್ಮ ಕೈ ಎತ್ತಿದಳು, ಅರ್ಧದಲ್ಲಿ ತಡೆದಳು, ಆಮೇಲೆ ಅಂಗೈಯನ್ನು ಪೂರಾ ಅದರ ಮೇಲೆ ಇಟ್ಟಳು. ತುಂಬ ಹೊತ್ತು ತೆಗೆಯಲಿಲ್ಲ.

“ಬೆಚ್ಚಗೈತಿ,” ಎಂದಳು.